ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಇದೆಯಾ? 80ರ ಗೆರೆ ಮುಟ್ಟುವ ಮೊದಲು ಲೀಸ್ ಬೆಳೆಸಿಕೊಳ್ಳಿ

ಬೆಂಗಳೂರಿನಲ್ಲಿ ಲೀಸ್ ಎಂದರೆ ಮಾಲೀಕರ ಕೈಗೆ ಒಂದಿಷ್ಟು ಲಕ್ಷ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಹೋಗುವಾಗ ದುಡ್ಡು ವಾಪಸ್ ತಗೊಳ್ಳುವುದು. ಅದೇ ನೆನಪಿನಲ್ಲಿ ಇಂಗ್ಲೆಂಡಿಗೆ ಬಂದ ನಮ್ಮವರು ‘ಲೀಸ್‌ಹೋಲ್ಡ್’ ಎಂಬ ಪದವನ್ನು ಓದಿಯೂ ಓದದಂತೆ ಸಹಿ ಹಾಕಿಬಿಡುತ್ತಾರೆ. ಇಂಗ್ಲೆಂಡ್, ವೇಲ್ಸ್‌ನ ಹೆಚ್ಚಿನ ಫ್ಲ್ಯಾಟುಗಳಲ್ಲಿ ನೆಲ, ಕಟ್ಟಡ ಫ್ರೀಹೋಲ್ಡರ್‌ದು. ನಿಮಗೆ ಸಿಗುವುದು 99 ಅಥವಾ 125 ವರ್ಷದ ಹಕ್ಕು. ವರ್ಷ ಕಳೆದಂತೆ ಅದು ಕರಗುತ್ತದೆ.

ಅದನ್ನು ಬೆಳೆಸಿಕೊಳ್ಳುವ ದಾರಿ 1993ರ ಕಾಯ್ದೆಯಲ್ಲಿದೆ. ಫ್ರೀಹೋಲ್ಡರ್‌ಗೆ ಒಂದು ಬೆಲೆ ಕೊಟ್ಟರೆ ಉಳಿದ ಅವಧಿಯ ಮೇಲೆ 90 ವರ್ಷ ಸೇರುತ್ತದೆ. ಗ್ರೌಂಡ್ ರೆಂಟ್, ಅಂದರೆ ನೆಲಕ್ಕೆಂದು ಫ್ರೀಹೋಲ್ಡರ್‌ಗೆ ವರ್ಷ ವರ್ಷ ಕಟ್ಟುವ ಬಾಡಿಗೆ, ಒಂದು ಕರಿಮೆಣಸಿನ ಕಾಳಿಗೆ ಇಳಿಯುತ್ತದೆ. ತಮಾಷೆಯಲ್ಲ, ಕಾಗದದಲ್ಲಿ ಹಾಗೇ ಬರೆದಿರುತ್ತದೆ. ಆ ಕಾಳನ್ನೂ ಯಾರೂ ಕೇಳಲು ಬರುವುದಿಲ್ಲ.

ಮೊದಲ ಕೆಲಸ, ಎಷ್ಟು ವರ್ಷ ಉಳಿದಿದೆ ಎಂದು ಎಣಿಸುವುದು. ಜನ ಎಡವುವುದು ಇಲ್ಲೇ. ಆಸ್ತಿಗಳ ನೋಂದಣಿ ಇಲಾಖೆಯಾದ ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ತಾಣದಿಂದ ನಿಮ್ಮ ಫ್ಲ್ಯಾಟಿನ ಟೈಟಲ್ ರಿಜಿಸ್ಟರ್ (ಮಾಲೀಕತ್ವದ ದಾಖಲೆ) ಇಳಿಸಿಕೊಳ್ಳಿ, 7 ಪೌಂಡ್ ಆಗುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಅದೇ ಕಾಗದಕ್ಕೆ ಜಾಸ್ತಿ ದುಡ್ಡು ಕೀಳುವ ಖಾಸಗಿ ತಾಣಗಳು ಮೇಲೆ ಬಂದು ಕೂತಿರುತ್ತವೆ, ಅತ್ತ ಹೋಗಬೇಡಿ.

ಅದರಲ್ಲಿ ಲೀಸ್ ಶುರುವಾದ ತಾರೀಖು ನೋಡಿ. ನೀವು ಫ್ಲ್ಯಾಟ್ ಕೊಂಡ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಗೆಳೆಯ 2012ರಲ್ಲಿ ಕೊಂಡ. ಅಲ್ಲಿಂದಲೇ 99 ಎಣಿಸಿ ಆರಾಮಾಗಿದ್ದ. ಅವನ ಲೀಸ್ ಶುರುವಾಗಿದ್ದು 2002ರ ಡಿಸೆಂಬರ್ 25ಕ್ಕೆ. ಅಂದರೆ 2021ರ ಕ್ರಿಸ್‌ಮಸ್‌ಗೆ 80 ವರ್ಷ ಉಳಿದಿತ್ತು. ಅವನಿಗೆ ಗೊತ್ತಾಗಿದ್ದು ಮುಂದಿನ ಮಾರ್ಚ್‌ನಲ್ಲಿ, ಫ್ಲ್ಯಾಟ್ ಮಾರಲು ಹೊರಟಾಗ.

ಮೂರು ತಿಂಗಳಿಗೆ ಏನಾಯ್ತು ಅಂತೀರಾ? ಲೀಸ್ ಬೆಳೆದರೆ ಫ್ಲ್ಯಾಟಿನ ಬೆಲೆ ಏರುತ್ತದೆ. ಆ ಲಾಭಕ್ಕೆ ‘ಮ್ಯಾರೇಜ್ ವ್ಯಾಲ್ಯೂ’ ಎನ್ನುತ್ತಾರೆ. ಹೆಸರೂ ಮದುವೆಯದು, ಖರ್ಚೂ ಮದುವೆಯದೇ. 80 ವರ್ಷಕ್ಕಿಂತ ಒಂದು ದಿನ ಜಾಸ್ತಿ ಉಳಿದಿದ್ದರೂ ಅದರ ಲೆಕ್ಕವಿಲ್ಲ. 80 ಮುಟ್ಟಿತೋ, ಲಾಭದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. 20,000 ಪೌಂಡ್ ಲಾಭ ಎಂದಾದರೆ ಮಾಮೂಲಿ ಬೆಲೆಯ ಮೇಲೆ ಇನ್ನೂ 10,000 ಕೊಡಬೇಕು. ಲೀಸ್ ಬೆಳೆಸಿಕೊಡಿ ಎಂದು ಫ್ರೀಹೋಲ್ಡರ್‌ಗೆ ನೋಟಿಸ್ ಕೊಟ್ಟ ದಿನವೇ ಇಲ್ಲಿ ಲೆಕ್ಕ, ವ್ಯವಹಾರ ಮುಗಿದ ದಿನವಲ್ಲ. ಹಾಗೆಂದು ಕೊನೆಯ ವಾರದವರೆಗೆ ಎಳೆಯಬೇಡಿ. ನೋಟಿಸಿನಲ್ಲಿ ತಪ್ಪಿದ್ದರೆ ಮತ್ತೆ ಕೊಡಲು ಸಮಯ ಬೇಕಲ್ವಾ? ನನ್ನ ಮಾತು ಕೇಳುವುದಾದರೆ 83 ಇರುವಾಗಲೇ ಹೊರಡಿ.

ಮುಂದೆ ಬೆಲೆ ಕಟ್ಟುವವರು. ಆನ್‌ಲೈನ್ ಕ್ಯಾಲ್ಕ್ಯುಲೇಟರ್ ಸುಮ್ನೆ ಅಂದಾಜಿಗೆ. ಲೀಸ್ ವಿಸ್ತರಣೆಯನ್ನೇ ಮಾಡುವ, ನಿಮ್ಮ ಏರಿಯಾ ಗೊತ್ತಿರುವ ಸರ್ವೇಯರ್ ಹಿಡಿಯಿರಿ. ವಕೀಲರೂ ಹಾಗೇ. ಮನೆ ಕೊಳ್ಳುವಾಗ ಅಗ್ಗಕ್ಕೆ ಸಿಕ್ಕವರನ್ನೇ ಮತ್ತೆ ಕರೆಯಬೇಡಿ.

ಆಮೇಲೆ ಆ ನೋಟಿಸ್, 1993ರ ಕಾಯ್ದೆಯ ಸೆಕ್ಷನ್ 42ರದು. ಇದು ಸರಿಯಾದವರಿಗೇ ಹೋಗಬೇಕು. ಮೇಂಟೆನೆನ್ಸ್ ಬಿಲ್ ಕಳಿಸುವ ಕಂಪನಿಯೇ ಮಾಲೀಕ ಎಂದುಕೊಂಡು ಅಲ್ಲಿಗೆ ಕಳಿಸಿದವರನ್ನು ನೋಡಿದ್ದೇನೆ. ಕೆಲವೊಮ್ಮೆ ಫ್ರೀಹೋಲ್ಡರ್‌ಗೂ ನಿಮಗೂ ನಡುವೆ ಇನ್ನೊಬ್ಬ ಲೀಸ್‌ದಾರ ಇರುತ್ತಾನೆ, ಅದನ್ನೂ ವಕೀಲರು ಹುಡುಕಬೇಕು. ನೋಟಿಸಿನಲ್ಲಿ ನೀವು ಕೊಡುವ ಬೆಲೆ ಬರೆಯಬೇಕು. ಕಡಿಮೆ ಹೇಳಿ, ಆದರೆ ನಗುವಷ್ಟು ಕಡಿಮೆ ಬೇಡ. ಅದರ ಶೇ 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅಷ್ಟು ಡೆಪಾಸಿಟನ್ನು ಫ್ರೀಹೋಲ್ಡರ್ ಕೇಳಬಹುದು. ಅವರ ಕಡೆಯ ವಕೀಲರು, ಸರ್ವೇಯರ್‌ಗಳ ನ್ಯಾಯವಾದ ಫೀಸೂ ನಿಮ್ಮ ತಲೆಗೇ. ಇದು ಹೊಟ್ಟೆ ಉರಿಸುವ ಸಂಗತಿ, ಆದರೆ 2024ರ ಹೊಸ ಕಾನೂನು ಪೂರ್ತಿ ಜಾರಿಗೆ ಬರುವವರೆಗೆ ಹೀಗೇ.

ಉತ್ತರ ಕೊಡಲು ಅವರಿಗೆ ಕನಿಷ್ಠ ಎರಡು ತಿಂಗಳು. ಕೊಡದೆ ಕೂತರೆ ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ, ನೀವು ಬರೆದ ಬೆಲೆಗೇ ಲೀಸ್ ಪಡೆಯಬಹುದು. ಉತ್ತರ ಬಂದರೆ ಚೌಕಾಸಿ ಶುರು. ಎರಡು ತಿಂಗಳಲ್ಲಿ ಒಪ್ಪದಿದ್ದರೆ ಇಂಥ ಆಸ್ತಿ ತಕರಾರು ಬಗೆಹರಿಸುವ ಟ್ರಿಬ್ಯುನಲ್‌ಗೆ ಅರ್ಜಿ. ಉತ್ತರ ಬಂದ ದಿನದಿಂದ ಆರು ತಿಂಗಳು ಮೀರಿದರೆ ನಿಮ್ಮ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಕೊಡಲು 12 ತಿಂಗಳು ಕಾಯಬೇಕು. ಎರಡೂ ತಾರೀಖನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ. ವಕೀಲರು ನೋಡಿಕೊಳ್ಳುತ್ತಾರೆ ಎಂದು ಬಿಡಬೇಡಿ.

ನಡುವೆ ಫ್ರೀಹೋಲ್ಡರ್‌ನಿಂದ ಒಂದು ಸಿಹಿ ಪತ್ರ ಬರಬಹುದು: ‘ನೋಟಿಸ್ ಯಾಕೆ, ನಾವೇ ಮಾತಾಡಿಕೊಳ್ಳೋಣ’ ಎಂದು. ಅಗ್ಗ ಅನ್ನಿಸುತ್ತದೆ. ಒಳಗೆ ನೋಡಿದರೆ ಅವಧಿಯನ್ನು 99ಕ್ಕೆ ಮಾತ್ರ ಏರಿಸಿ, ಹಳೆಯ ಅವಧಿ ಮುಗಿಯುವವರೆಗೆ ಗ್ರೌಂಡ್ ರೆಂಟ್ ಹಾಗೇ ಉಳಿಸಿರುತ್ತಾರೆ. ನಾನಂತೂ ಇದಕ್ಕೆ ಸಹಿ ಹಾಕಲಾರೆ.

ಹೊಸ ಕಾನೂನಿಗೆ ಕಾಯಬಹುದಾ ಎಂದು ಎಲ್ಲರೂ ಕೇಳುತ್ತಾರೆ. 2024ರ ಕಾಯ್ದೆ 990 ವರ್ಷ ಕೊಡುತ್ತದೆ, ಮ್ಯಾರೇಜ್ ವ್ಯಾಲ್ಯೂ ತೆಗೆಯುತ್ತದೆ. ಆದರೆ ಇದನ್ನು ಬರೆಯುವ ಹೊತ್ತಿಗೆ ಆ ಎರಡೂ ಭಾಗ ಜಾರಿಗೆ ಬಂದಿಲ್ಲ. ಜಾರಿಯಾಗಿರುವುದು, ಲೀಸ್ ಬೆಳೆಸಲು ಎರಡು ವರ್ಷ ಮಾಲೀಕರಾಗಿರಬೇಕೆಂಬ ನಿಯಮ 2025ರ ಜನವರಿ 31ಕ್ಕೆ ಹೋದದ್ದು. 95 ಉಳಿದವರು ಕಾಯಲಿ. 81ರವರು ನಾಳೆಯೇ ಹೊರಡಿ.

ದುಡ್ಡು ಕಟ್ಟಿ, ಸಹಿಯಾಗಿ, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಣಿಯಾದ ಮೇಲೆ ಇನ್ನೊಂದು 7 ಪೌಂಡ್ ಕೊಟ್ಟು ಹೊಸ ರಿಜಿಸ್ಟರ್ ಇಳಿಸಿಕೊಂಡು ಸಾಲು ಸಾಲಾಗಿ ಓದಿ. ನನ್ನದರಲ್ಲಿ ಪಾರ್ಕಿಂಗ್ ಜಾಗವೇ ಬಿಟ್ಟುಹೋಗಿತ್ತು.