ಕೊಟ್ಟಿಗೆ ಪಕ್ಕ ಅಜೋಲಾ: ಗುಂಡಿ ಕಟ್ಟುವ ಮೊದಲು ತಕ್ಕಡಿ ಹಿಡಿಯಿರಿ

ಅಜೋಲಾ ಎಂದರೆ ನೀರಿನ ಮೇಲೆ ತೇಲುವ, ದನಕ್ಕೆ ಮೇವಾಗುವ ಪುಟ್ಟ ಗಿಡ. ಅದನ್ನು ಬೆಳೆದರೆ ಹಿಂಡಿ ಖರ್ಚೇ ಇಲ್ಲ ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಒಂದು ತಕ್ಕಡಿ ಕೊಡಿ. ಹಸಿ ಅಜೋಲಾದಲ್ಲಿ ನೂರಕ್ಕೆ 93ರಿಂದ 95 ಪಾಲು ಬರೀ ನೀರು. ಒಣಗಿಸಿ ನೋಡಿದರೆ ಪ್ರೋಟೀನು ನೂರಕ್ಕೆ 20ರಿಂದ 30 ಇರುವುದು ನಿಜ. ಆದರೆ ಹಸುವಿಗೆ ನಾವು ಹಾಕುವುದು ಹಸಿಯನ್ನು. ಎರಡು ಕಿಲೋ ತಿನ್ನಿಸಿದರೆ ಅದರಲ್ಲಿ ಪ್ರೋಟೀನು 30 ಗ್ರಾಂ ಆಸುಪಾಸು. ಒಂದು ಕಿಲೋ ಕಡಲೆಕಾಯಿ ಹಿಂಡಿಯಲ್ಲಿ ಅದು 400 ಗ್ರಾಂ ಹತ್ತಿರ ಇರುತ್ತದೆ. ಲೆಕ್ಕ ನೀವೇ ಹಾಕಿ.

ಹಾಗಾದರೆ ಇದರ ಗೋಜು ಯಾಕೆ ಅಂತೀರಾ? ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲು ತಿನ್ನುವ ಹಸುವಿಗೆ ದಿನಾ ಒಂದು ಹಿಡಿ ಹಸಿರು ಸಿಗುವುದು ದೊಡ್ಡ ವಿಷಯ. ಕ್ಯಾಲ್ಸಿಯಂ, ಕಬ್ಬಿಣ, ಎ ಜೀವಸತ್ವ ಮಾಡಿಕೊಳ್ಳಲು ಬೇಕಾದ ಕ್ಯಾರೋಟಿನ್ ಇದರಲ್ಲಿ ಚೆನ್ನಾಗಿವೆ. ಮೇವಿಗೆ ಜಮೀನು ಇಲ್ಲದವರೂ ಬೆಳೆಯಬಹುದು. ಹಿಂಡಿ ಬೂಸಾದ ಜೊತೆಗೆ ಇದು, ಬದಲಿಗೆ ಅಲ್ಲ. ಇಷ್ಟು ಒಪ್ಪಿಕೊಂಡರೆ ಮುಂದೆ ಓದಿ.

ಅಜೋಲಾ ಪಾಚಿಯಲ್ಲ, ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಇದರ ಎಲೆಯ ಪೊಟರೆಯೊಳಗೆ ಒಂದು ನೀಲಿ-ಹಸಿರು ಪಾಚಿ ಮನೆ ಮಾಡಿಕೊಂಡಿರುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುದು ಅದೇ. ಆದ್ದರಿಂದ ಯೂರಿಯಾ ಬೇಡವೇ ಬೇಡ. ಗಿಡ ಕೇಳುವುದು ರಂಜಕ, ಅಂದರೆ ಗೊಬ್ಬರದ ಅಂಗಡಿಯ ಸೂಪರ್ ಫಾಸ್ಫೇಟ್. ಚೀನಾ, ವಿಯೆಟ್ನಾಂ ರೈತರು ಹಿಂದಿನಿಂದಲೂ ಭತ್ತದ ಗದ್ದೆಗೆ ಇದನ್ನು ಹಸಿರು ಗೊಬ್ಬರವಾಗಿ ಬಳಸುತ್ತಾ ಬಂದಿದ್ದಾರೆ. ನಮ್ಮ ಕಡೆ ದನಗಳಿಗಾಗಿ ಪ್ಲಾಸ್ಟಿಕ್ ಹಾಳೆಯ ಗುಂಡಿಯಲ್ಲಿ ಬೆಳೆಯುವ ಕ್ರಮ ಹಬ್ಬಿದ್ದರಲ್ಲಿ ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರದ ಪಾತ್ರ ದೊಡ್ಡದು.

ಗುಂಡಿ ಹೀಗೆ

ಅರ್ಧ ನೆರಳಿರುವ ಜಾಗ ಹುಡುಕಿ. ತೆಂಗಿನ ಮರದ ಕೆಳಗೆ ಚೆನ್ನ. ಹುಣಸೆ, ಬೇವಿನ ಕೆಳಗಾದರೆ ದಿನಾ ಎಲೆ ಹೆಕ್ಕುವುದೇ ಕೆಲಸವಾಗುತ್ತದೆ. 2 ಮೀಟರ್ ಉದ್ದ, 2 ಮೀಟರ್ ಅಗಲ ಅಳೆದು ನೆಲ ಮಟ್ಟ ಮಾಡಿ. ಸುತ್ತ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಅದರ ಮೇಲೆ ಸಿಲ್ಪಾಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿ. ಕಲ್ಲು, ಬೇರು ಚುಚ್ಚದಂತೆ ಕೆಳಗೆ ಹಳೇ ಗೋಣಿಚೀಲ ಹಾಕುವುದು ಒಳ್ಳೆಯದು.

ಹಾಳೆ ಮೇಲೆ ಜರಡಿ ಹಿಡಿದ 10ರಿಂದ 15 ಕಿಲೋ ಮಣ್ಣು ಹರಡಿ. 2 ಕಿಲೋ ಹಸಿ ಸಗಣಿ, 30 ಗ್ರಾಂ ಸೂಪರ್ ಫಾಸ್ಫೇಟನ್ನು 10 ಲೀಟರ್ ನೀರಿನಲ್ಲಿ ಕದಡಿ ಸುರಿಯಿರಿ. ಆಮೇಲೆ ಅರ್ಧ ಗೇಣು, ಅಂದರೆ 10 ಸೆಂಟಿಮೀಟರ್ ನಿಲ್ಲುವಷ್ಟು ನೀರು ತುಂಬಿ. ಅರ್ಧದಿಂದ ಒಂದು ಕಿಲೋ ತಾಜಾ ಅಜೋಲಾ ಚೆಲ್ಲಿ, ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಮಗುಚಿದ ಗಿಡಗಳು ನೆಟ್ಟಗಾಗುತ್ತವೆ. ಬೀಜವನ್ನು, ಅಂದರೆ ಮೊದಲು ಬಿಡಲು ಬೇಕಾದ ಈ ತಾಜಾ ಅಜೋಲಾವನ್ನು, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಇಲ್ಲವೇ ಈಗಾಗಲೇ ಬೆಳೆಯುತ್ತಿರುವ ರೈತರಿಂದ ತನ್ನಿ. ಊರ ಚರಂಡಿ ಸೇರುವ ಕೆರೆಯಿಂದ ಮಾತ್ರ ಬೇಡ. ನೀರಿನಲ್ಲಿರುವ ಸೀಸದಂಥ ವಿಷಲೋಹಗಳನ್ನು ಈ ಗಿಡ ಹೀರಿಟ್ಟುಕೊಳ್ಳುತ್ತದೆ.

ದಿನಾ ಬಾಚಬೇಕು

ಎರಡು ವಾರದೊಳಗೆ ಗುಂಡಿ ತುಂಬುತ್ತದೆ. ಅಲ್ಲಿಂದ ದಿನಕ್ಕೆ ಅರ್ಧ ಕಿಲೋ ಸಿಗುತ್ತದೆ. ಹಾಲು ಕೊಡುವ ಹಸುವಿಗೆ ಒಂದೂವರೆಯಿಂದ ಎರಡು ಕಿಲೋ ಕೊಡಬೇಕೆಂದರೆ ಇಂಥ ಮೂರು-ನಾಲ್ಕು ಗುಂಡಿ ಬೇಕು. ಒಂದೇ ಗುಂಡಿ ಮಾಡಿ, ಹಾಲು ಹೆಚ್ಚಲಿಲ್ಲ ಎಂದು ಬೈಯುವವರೇ ಜಾಸ್ತಿ.

ನಾನು ಎಡವಿದ್ದು ಬೇರೆ ಕಡೆ. ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿದ್ದೆ, ಅಜೋಲಾ ತೆಗೆಯುವವರಿರಲಿಲ್ಲ. ವಾಪಸು ಬಂದಾಗ ಗಿಡ ಒಂದರ ಮೇಲೊಂದು ಹತ್ತಿ ಕಂಬಳಿಯಂತಾಗಿತ್ತು. ಕೆಳಪದರ ಕೊಳೆತು ಕಪ್ಪಾಗಿತ್ತು, ಮೂಗು ಮುಚ್ಚುವಷ್ಟು ನಾತ. ಹಸು ತಿನ್ನದಿದ್ದರೂ ಪರವಾಗಿಲ್ಲ, ಕೋಳಿಗೆ ಹಾಕಿ, ತಿಪ್ಪೆಗೆ ಹಾಕಿ, ಬಾಚುವುದನ್ನು ಮಾತ್ರ ನಿಲ್ಲಿಸಬೇಡಿ.

ಐದು ದಿನಕ್ಕೊಮ್ಮೆ 1 ಕಿಲೋ ಸಗಣಿ, 20 ಗ್ರಾಂ ಸೂಪರ್ ಫಾಸ್ಫೇಟ್ ಕದಡಿ ಹಾಕಿ. ಹತ್ತು ದಿನಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ತುಂಬಿ. ತೆಗೆದ ನೀರನ್ನು ಚೆಲ್ಲಬೇಡಿ, ತೆಂಗಿನ ಬುಡಕ್ಕೆ ಅದು ಒಳ್ಳೆಯ ಗೊಬ್ಬರ. ತಿಂಗಳಿಗೊಮ್ಮೆ 5 ಕಿಲೋ ಮಣ್ಣು ಬದಲಿಸಿ. ಆರು ತಿಂಗಳಿಗೆ ಎಲ್ಲ ತೊಳೆದು ಹೊಸದಾಗಿ ಶುರು ಮಾಡಿ.

ತಿನ್ನಿಸುವ ಮುನ್ನ

ಜರಡಿಯಲ್ಲಿ ಹಾಕಿ ಎರಡು-ಮೂರು ನೀರಿನಲ್ಲಿ ತೊಳೆಯಿರಿ. ತೊಳೆದ ನೀರಿನಲ್ಲಿ ಚಿಕ್ಕ ಗಿಡಗಳು ಉಳಿದಿರುತ್ತವೆ, ವಾಪಸು ಗುಂಡಿಗೇ ಸುರಿಯಿರಿ. ಸಗಣಿ ವಾಸನೆ ಉಳಿದರೆ ಹಸು ಒಮ್ಮೆ ಮೂಸಿ ಮುಖ ತಿರುಗಿಸುತ್ತದೆ. ನಮ್ಮದು ಮೂರು ದಿನ ಹಾಗೇ ಮಾಡಿತು. ಮೊದಲ ವಾರ ಒಂದು ಹಿಡಿಯನ್ನು ಬೂಸಾದಲ್ಲಿ ಕಲಸಿ ಕೊಡಿ, ನಿಧಾನವಾಗಿ ಹೆಚ್ಚಿಸಿ. ಕುರಿ, ಮೇಕೆಗೆ ದಿನಕ್ಕೆ 200ರಿಂದ 300 ಗ್ರಾಂ ಸಾಕು.

ಎಲೆ ಕೆಂಪಾಗುತ್ತಿದೆಯೇ? ಬಿಸಿಲು ಜಾಸ್ತಿಯಾಗಿದೆ, ಇಲ್ಲವೇ ರಂಜಕ ಕಡಿಮೆಯಾಗಿದೆ. ಶೇಡ್ ನೆಟ್ ಕಟ್ಟಿ ನೋಡಿ. ಹುಳು ಬಿದ್ದು ಎಲೆ ಸುತ್ತಿಕೊಂಡರೆ ಔಷಧಿ ಹೊಡೆಯಲು ಹೋಗಬೇಡಿ, ಅದು ಹಾಲಿಗೆ ಬರುತ್ತದೆ. ಗುಂಡಿ ಖಾಲಿ ಮಾಡಿ, ಹಾಳೆ ತೊಳೆದು ಒಣಗಿಸಿ, ಹೊಸ ಬೀಜ ಬಿಡಿ. ಅದಕ್ಕೆಂದೇ ಬಚ್ಚಲ ಹಿಂದಿನ ನೆರಳಿನಲ್ಲಿ ಒಂದು ಹಳೇ ಟಬ್ಬಿಟ್ಟು ಎರಡು ಹಿಡಿ ಅಜೋಲಾ ಸಾಕಿಕೊಂಡಿರಿ. ಏಪ್ರಿಲ್ ಬಿಸಿಲಿಗೆ ಗುಂಡಿ ಪೂರ್ತಿ ಹೋದರೂ ಬೀಜಕ್ಕೆ ಮತ್ತೊಬ್ಬರ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ.