ಕೇಲಿ ಕುಣಿಯಲು ಎಲ್ಲಿಗೆ ಹೋಗಬೇಕು? ಸ್ಕಾಟ್ಲೆಂಡಿನಲ್ಲಿ ನನ್ನ ಅನುಭವ

ಮೊದಲ ಸಲ ಕೇಲಿಗೆ, ಅಂದರೆ ಎಲ್ಲರೂ ಸೇರಿ ಕುಣಿಯುವ ಸ್ಕಾಟಿಷ್ ಕೂಟಕ್ಕೆ, ಹೋದಾಗ ಎರಡೂ ಕೈಗೆ ಗಾಜಿನ ಬಳೆ ತೊಟ್ಟು ಹೋಗಿದ್ದೆ. ಹಬ್ಬದಂಥ ಕಾರ್ಯಕ್ರಮ, ಚೆನ್ನಾಗಿ ಕಾಣಿಸಲಿ ಅಂತ. ಅರ್ಧ ಗಂಟೆಯಲ್ಲಿ ಮೂರು ಬಳೆ ಒಡೆದವು. ಎದುರಿಗಿದ್ದ ಹುಡುಗನ ಮೊಣಕೈಗೆ ಗೀರು ಬಿತ್ತು. ಅವನು ಕರ್ಚೀಫ್ ಒತ್ತಿಕೊಂಡು ‘ಏನೂ ಆಗಿಲ್ಲ, ಬಾ, ನಮ್ಮ ಸರದಿ ಬಂತು’ ಅಂದ. ಆ ರಾತ್ರಿಯೇ ನನಗೆ ಈ ಕುಣಿತದ ಮೇಲೆ ಪ್ರೀತಿ ಹುಟ್ಟಿತು.

ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದು ನೋಡಿದರೆ ಹೇಗೆ ಓದುವುದೆಂದೇ ತಿಳಿಯುವುದಿಲ್ಲ. ಅಲ್ಲಿನವರ ಬಾಯಲ್ಲಿ ಅದು ‘ಕೇಲಿ’. ಸ್ಕಾಟ್ಲೆಂಡಿನ ಹಳೆಯ ಗೇಲಿಕ್ ಭಾಷೆಯ ಮಾತು. ಮೂಲದಲ್ಲಿ ನೆರೆಮನೆಗೆ ಹೋಗಿ ಕೂತು ಕಥೆ ಹೇಳಿ, ಹಾಡಿ, ಹರಟಿ ಬರುವುದಕ್ಕೆ ಹಾಗನ್ನುತ್ತಿದ್ದರು. ಕುಣಿತವೇ ಮುಖ್ಯವಾದದ್ದು ಆಮೇಲೆ. ನಮ್ಮ ಜಲಕೇಳಿಯ ‘ಕೇಳಿ’ಗೂ ಇದಕ್ಕೂ ನಂಟಿಲ್ಲ. ಆದರೂ ಕಿವಿಗೆ ಎಷ್ಟು ಹತ್ತಿರ ಅಲ್ವಾ?

ಕೆಲಸಕ್ಕೆಂದು ಶಿವಮೊಗ್ಗದಿಂದ ಎಡಿನ್‌ಬರೋಗೆ ಹೋದವಳು ನಾನು. ಅಲ್ಲಿಗೆ ಓದಲು, ಕೆಲಸಕ್ಕೆ, ಸುಮ್ನೆ ಊರು ನೋಡಲು ಹೋಗುವ ಕನ್ನಡಿಗರೆಲ್ಲ ನನ್ನನ್ನು ಕೇಳುವುದು ಒಂದೇ: ಎಲ್ಲಿ ಹೋದರೆ ನಿಜವಾದ ಕೇಲಿ ಸಿಗುತ್ತದೆ? ನಾನು ಕೊಡುವ ಉತ್ತರ ಹೀಗಿದೆ. ಮೊದಲು ಹೇಳಿಕೊಡುವ ಕಡೆ ಹೋಗಿ. ಹೆಜ್ಜೆ ಕೂತ ಮೇಲೆ ಹಳ್ಳಿಯ ಹಾಲ್‌ಗೆ ಹೋಗಿ. ಎಲ್ಲಿಗೇ ಹೋದರೂ ಗೋಡೆ ಪಕ್ಕ ಕೂತು ನೋಡಬೇಡಿ. ನೋಡುವವರಿಗೆ ಇದರಲ್ಲಿ ಸಿಗುವುದು ಕಡಿಮೆ.

ಎಡಿನ್‌ಬರೋದಲ್ಲಿ ಶುರು ಮಾಡಲು ಸುಲಭದ ಜಾಗ ಗಿಲ್ಲಿ ಡೂ. ಪ್ರಿನ್ಸಸ್ ಸ್ಟ್ರೀಟಿನ ಪಶ್ಚಿಮದ ತುದಿಯಲ್ಲಿದೆ. ಕೆಳಗೆ ಪಬ್ಬು, ಮೇಲೆ ಎತ್ತರದ ಚಾವಣಿಯ ದೊಡ್ಡ ಹಾಲ್. ನಾನು ಹೋಗುತ್ತಿದ್ದುದು ವಾರದ ಕೊನೆಯ ರಾತ್ರಿಗಳಲ್ಲಿ. ಬಂದವರಲ್ಲಿ ಅರ್ಧದಷ್ಟು ಜನ ಪ್ರವಾಸಿಗರು, ಹಾಗಾಗಿ ಗೊತ್ತಿಲ್ಲದವರು ನೀವೊಬ್ಬರೇ ಆಗಿರುವುದಿಲ್ಲ. ಆದರೆ ನಾನು ನಿಜವಾಗಿ ಕಲಿತದ್ದು ಎಡಿನ್‌ಬರೋ ಕೇಲಿ ಕ್ಲಬ್ಬಿನ ಮಂಗಳವಾರಗಳಲ್ಲಿ. ಆಗ ಅದು ಸಮ್ಮರ್‌ಹಾಲ್‌ನಲ್ಲಿ, ಹಳೆಯ ಪಶುವೈದ್ಯ ಕಾಲೇಜಿನ ಕಟ್ಟಡದಲ್ಲಿ ನಡೆಯುತ್ತಿತ್ತು. ಇಂಥ ಕೂಟಗಳ ಜಾಗ, ದಿನ ಬದಲಾಗುತ್ತವೆ. ವಿಚಾರಿಸಿ, ಟಿಕೆಟ್ ಮೊದಲೇ ತೆಗೆದುಕೊಳ್ಳಿ.

ಅಲ್ಲಿ ‘ಕಾಲರ್’ ಅಂತ ಒಬ್ಬರು ಇರುತ್ತಾರೆ. ಮೈಕ್ ಹಿಡಿದು ಪ್ರತಿ ಕುಣಿತವನ್ನೂ ಮೊದಲು ಸಂಗೀತವಿಲ್ಲದೆ ನಡೆಸಿ ತೋರಿಸುತ್ತಾರೆ. ಆಮೇಲೆ ಅಕಾರ್ಡಿಯನ್, ಫಿಡ್ಲು, ಡ್ರಮ್ಮು ಒಟ್ಟಿಗೆ ಎದ್ದುಬಿಡುತ್ತವೆ. ಸಾಮಾನ್ಯವಾಗಿ ಮೊದಲು ಬರುವುದು ‘ಗೇ ಗಾರ್ಡನ್ಸ್’. ಜೋಡಿಯಾಗಿ ನಿಂತು, ಹೆಂಗಸಿನ ಭುಜದ ಮೇಲೆ ಹಾದುಬಂದ ಗಂಡಸಿನ ಬಲಗೈಯನ್ನು ಹಿಡಿದು, ನಾಲ್ಕು ಹೆಜ್ಜೆ ಮುಂದೆ. ನಿಂತಲ್ಲೇ ತಿರುಗಿ, ಹೋಗುತ್ತಿದ್ದ ದಿಕ್ಕಿಗೇ ನಾಲ್ಕು ಹೆಜ್ಜೆ ಹಿಂದಹಿಂದಕ್ಕೆ. ಅದನ್ನೇ ಎದುರು ದಿಕ್ಕಿಗೆ ಇನ್ನೊಮ್ಮೆ. ಆಮೇಲೆ ಹೆಂಗಸು ಅವನ ಕೈ ಕೆಳಗೆ ಗಿರಗಿರ ಸುತ್ತುತ್ತಾಳೆ, ಕೊನೆಗೆ ಇಬ್ಬರೂ ಪೋಲ್ಕಾ ಅನ್ನುವ ಕುಣಿತದ ಚುರುಕು ಹೆಜ್ಜೆ ಹಾಕುತ್ತಾ ಮುಂದೆ ಸಾಗುತ್ತಾರೆ. ‘ತಿರುಗಿ, ಆದರೆ ದಿಕ್ಕು ಬದಲಿಸಬೇಡಿ’ ಅನ್ನುವಲ್ಲಿ ಎಲ್ಲರೂ ತಪ್ಪುತ್ತಾರೆ. ನನಗೆ ಮೂರು ಮಂಗಳವಾರ ಬೇಕಾಯಿತು.

ಈ ಹೆಸರಿನಲ್ಲಿರುವ ಗಾರ್ಡನ್ಸ್ ಅಂದರೆ ಗಾರ್ಡನ್ ಹೈಲ್ಯಾಂಡರ್ಸ್ ಅನ್ನುವ ಸೈನ್ಯದ ರೆಜಿಮೆಂಟು. 1881ರಲ್ಲಿ ಅದರ ಜೊತೆ ಸೇರಿಸಿದ 75ನೇ ರೆಜಿಮೆಂಟು 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು. ಭಾರತದ ಸೇವೆಗೆಂದು ಅದಕ್ಕೆ ಸಿಕ್ಕಿದ್ದ ಹುಲಿಯ ಗುರುತು ಮುಂದೆ ಗಾರ್ಡನ್ಸ್ ಸೈನಿಕರ ಬ್ಯಾಡ್ಜಿಗೂ ಬಂತು. ಇದು ತಿಳಿದ ಮೇಲೆ ಆ ಟ್ಯೂನ್ ಶುರುವಾದಾಗಲೆಲ್ಲ ಒಂದು ಕ್ಷಣ ಶ್ರೀರಂಗಪಟ್ಟಣದ ಕೋಟೆ ಕಣ್ಣ ಮುಂದೆ ಬರುತ್ತದೆ. ಮನಸ್ಸು ಸ್ವಲ್ಪ ಭಾರವಾಗುತ್ತದೆ. ಆದರೂ ಕುಣಿಯುತ್ತೇನೆ.

ನನಗೆ ಅತಿ ಇಷ್ಟ ‘ಡ್ಯಾಶಿಂಗ್ ವೈಟ್ ಸಾರ್ಜೆಂಟ್’. ಮೂವರು ಮೂವರಾಗಿ ಎದುರುಬದುರು ನಿಲ್ಲುತ್ತಾರೆ. ಆರೂ ಜನ ಕೈ ಹಿಡಿದು ಎಡಕ್ಕೆ ಸುತ್ತಿ, ಬಲಕ್ಕೆ ಸುತ್ತಿ, ನಡುವಿನವರು ಅಕ್ಕಪಕ್ಕದ ಇಬ್ಬರನ್ನೂ ಸರದಿಯಂತೆ ಸುತ್ತಿಸಿ, ಮೂವರೂ ಎಂಟರ ಆಕಾರದಲ್ಲಿ ಒಬ್ಬರನ್ನೊಬ್ಬರು ಹೆಣೆದು ನಡೆಯಬೇಕು. ಕೊನೆಗೆ ಒಂದು ಸಾಲು ಕೈ ಎತ್ತಿ ಕಮಾನು ಮಾಡುತ್ತದೆ, ಇನ್ನೊಂದು ಅದರಡಿ ನುಸುಳಿ ಹೋಗುತ್ತದೆ. ಹೋಗಿ ನಿಂತಲ್ಲಿ ಎದುರಿಗೆ ಮೂರು ಹೊಸ ಮುಖ! ಕೋಲಾಟದಲ್ಲಿ ಕೋಲು ಕೊಡುತ್ತಾ ಎದುರಿನವರು ಬದಲಾಗುವುದನ್ನು ಕಂಡವರಿಗೆ ಈ ಸುಖ ಗೊತ್ತು. ಹತ್ತು ನಿಮಿಷದಲ್ಲಿ ಹಾಲ್‌ನ ಅರ್ಧ ಜನ ನಿಮ್ಮ ಕೈ ಹಿಡಿದಿರುತ್ತಾರೆ. ಹೊಸ ಊರಿನಲ್ಲಿ ಒಬ್ಬಳೇ ಇದ್ದ ನನಗೆ ಅದು ಎಷ್ಟು ದೊಡ್ಡದು ಅಂತ ಹೇಳಲು ಮಾತು ಸಾಲದು. ಜೋಡಿ ಇಲ್ಲದೆ ಹೋದರೂ ಪರವಾಗಿಲ್ಲ ಅನ್ನುವುದು ಇದಕ್ಕೇ.

ಬಳೆ ಒಡೆದದ್ದು ‘ಸ್ಟ್ರಿಪ್ ದ ವಿಲ್ಲೋ’ದಲ್ಲಿ. ಇದರ ಆರ್ಕ್ನಿ ದ್ವೀಪಗಳ ಬಗೆಯಲ್ಲಿ ಹಾಲ್‌ನ ಉದ್ದಕ್ಕೂ ಎರಡು ಸಾಲು. ಮೇಲಿನ ಜೋಡಿ ತೋಳಿಗೆ ತೋಳು ಕೊಟ್ಟು ಹದಿನಾರು ಎಣಿಸುವಷ್ಟು ಸುತ್ತುತ್ತದೆ. ಆಮೇಲೆ ಹೆಂಗಸು ಎದುರು ಸಾಲಿನ ಒಬ್ಬೊಬ್ಬರಿಗೆ ಎಡತೋಳು, ನಡುನಡುವೆ ತನ್ನ ಜೋಡಿಗೆ ಬಲತೋಳು ಕೊಡುತ್ತಾ ಸಾಲಿನುದ್ದಕ್ಕೂ ಇಳಿಯುತ್ತಾಳೆ. ಅವಳು ಸ್ವಲ್ಪ ಇಳಿದ ಕೂಡಲೇ ಮುಂದಿನ ಜೋಡಿ ಶುರು. ಬೆರಳು ಹಿಡಿಯಬೇಡಿ, ಮೊಣಕೈ ಹತ್ತಿರ ಗಟ್ಟಿಯಾಗಿ ಹಿಡಿಯಿರಿ. ಹೆಬ್ಬೆರಳಿನಿಂದ ಒತ್ತಬೇಡಿ. ಬಳೆ, ಉಂಗುರ, ವಾಚು, ಉದ್ದದ ಓಲೆ ಮನೆಯಲ್ಲೇ ಇರಲಿ. ಚೂಡಿದಾರ್ ಚೆನ್ನಾಗಿಯೇ ನಡೆಯುತ್ತದೆ, ದುಪಟ್ಟಾ ಮಾತ್ರ ಬೇಡ. ಹೀಲ್ಸ್ ಬೇಡ, ಚಪ್ಪಟೆ ಶೂ ಸಾಕು. ಗಂಡಸರು ಕಿಲ್ಟ್, ಅಂದರೆ ಅಲ್ಲಿನ ನೆರಿಗೆಯ ಲಂಗ, ಹಾಕಲೇಬೇಕೆಂದಿಲ್ಲ. ಹೊರಗೆ ಎಷ್ಟೇ ಚಳಿ ಇದ್ದರೂ ಒಳಗೆ ಬೆವರು ಸುರಿಯುತ್ತದೆ. ಕೋಟಿನ ಒಳಗೆ ತೆಳ್ಳಗಿನ ಬಟ್ಟೆ ಇರಲಿ.

ಗ್ಲಾಸ್ಗೋದಲ್ಲಾದರೆ ಸ್ಲೋನ್ಸ್‌ಗೆ ಹೋಗಿ. ಆರ್ಗೈಲ್ ಆರ್ಕೇಡ್ ಪಕ್ಕದ ಹಳೆಯ ಪಬ್ಬು ಅದು. ಶುಕ್ರವಾರ ರಾತ್ರಿ ಮೇಲಿನ ಬಾಲ್‌ರೂಮಿನಲ್ಲಿ ಕೇಲಿ. ಗ್ಲಾಸ್ಗೋ ಜನ ಕುಣಿಯುತ್ತಲೇ ಮಾತಾಡುತ್ತಾರೆ. ನಾನು ತಪ್ಪು ದಿಕ್ಕಿಗೆ ಹೊರಟಾಗ ವಯಸ್ಸಾದ ಒಬ್ಬಾಕೆ ‘ಈ ಕಡೆ, ಹೆನ್’ ಅಂತ ತೋಳು ಹಿಡಿದು ತಿರುಗಿಸಿದರು. ‘ಹೆನ್’ ಅಂದರೆ ನಮ್ಮಲ್ಲಿ ದೊಡ್ಡವರು ಹುಡುಗಿಯರನ್ನು ‘ಪುಟ್ಟಿ’ ಅಂದ ಹಾಗೆ.

ನವೆಂಬರ್ 30ರ ಸೇಂಟ್ ಆಂಡ್ರ್ಯೂಸ್ ದಿನ, ವರ್ಷದ ಕೊನೆಯ ಹೊಗ್ಮನೇ, ಜನವರಿ 25ರಂದು ಕವಿ ರಾಬರ್ಟ್ ಬರ್ನ್ಸ್ ನೆನಪಿನ ಬರ್ನ್ಸ್ ರಾತ್ರಿ, ಈ ದಿನಗಳ ಆಸುಪಾಸಿನಲ್ಲಿ ಕೇಲಿ ಜಾಸ್ತಿ. ಹೆಜ್ಜೆಯ ಶುದ್ಧಿಯ ಮೇಲೆ ಆಸೆ ಇದ್ದರೆ 1923ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ರಾಯಲ್ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಸೊಸೈಟಿಯ ತರಗತಿಗಳಿವೆ. ಅದು ಬೇರೆಯೇ ಶಿಸ್ತು. ಪಾದದ ತುದಿ, ಕೈಯ ಎತ್ತರ, ಎಲ್ಲಕ್ಕೂ ಲೆಕ್ಕ. ಅವರು ಕುಣಿಯುವ ‘ರೀಲ್ ಆಫ್ ದ 51ಸ್ಟ್ ಡಿವಿಷನ್’ ಅನ್ನು ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕಿದ್ದ ಸ್ಕಾಟಿಷ್ ಅಧಿಕಾರಿಗಳು ಜರ್ಮನ್ ಶಿಬಿರದಲ್ಲಿ ಕಟ್ಟಿದ್ದು. ಅದರ ನಡುವೆ ಕುಣಿಯುವವರು ಸೇಂಟ್ ಆಂಡ್ರ್ಯೂನ ಓರೆ ಶಿಲುಬೆಯ ಆಕಾರದಲ್ಲಿ ನಿಲ್ಲುತ್ತಾರೆ. ಸೆರೆಮನೆಯಲ್ಲೂ ಅವರಿಗೆ ಇದು ಬೇಕಾಯಿತು.

ಆದರೆ ಒಂದೇ ಕಡೆ ಹೋಗಲು ಬಿಡುವಿದೆ ಅಂದರೆ, ಬೇಸಿಗೆಯಲ್ಲಿ ಉತ್ತರದ ಬೆಟ್ಟಗಾಡಾದ ಹೈಲ್ಯಾಂಡ್ಸ್‌ನ ಅಥವಾ ದ್ವೀಪಗಳ ಒಂದು ಹಳ್ಳಿ ಹಾಲ್ ಹುಡುಕಿ. ಅಂಗಡಿಯ, ಪೋಸ್ಟ್ ಆಫೀಸಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ದಿನ, ಗಂಟೆ ಬರೆದಿರುತ್ತದೆ. ಅಮ್ಮ ನನ್ನನ್ನು ನೋಡಲು ಬಂದಿದ್ದಾಗ ಸ್ಕೈ ದ್ವೀಪದಲ್ಲಿ ನಮಗೆ ಹಾಗೊಂದು ಚೀಟಿ ಕಂಡಿತು. ಹಾಲ್‌ನಲ್ಲಿ ಕಾಲರ್ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಶಾಲೆಯಲ್ಲೇ ಕಲಿತಿರುತ್ತಾರೆ. ಎಂಟು ವರ್ಷದ ಹುಡುಗಿ ಅಜ್ಜನ ಜೊತೆ, ಮೀನುಗಾರ ಟೀಚರ್ ಜೊತೆ. ನಡುವೆ ರಾಫಲ್, ಅಂದರೆ ಚೀಟಿ ಎತ್ತಿ ಬಹುಮಾನ ಕೊಡುವುದು. ಊಟಕ್ಕೆ ಸ್ಟೋವೀಸ್, ಅಂದರೆ ಆಲೂಗಡ್ಡೆ, ಈರುಳ್ಳಿ ಮೆತ್ತಗೆ ಬೇಯಿಸಿದ್ದು. ಅದರಲ್ಲಿ ಹೆಚ್ಚಾಗಿ ದನದ ಮಾಂಸ ಇರುತ್ತದೆ, ತಿನ್ನದವರು ಕೇಳಿಕೊಳ್ಳಿ. ಅಮ್ಮ ಓಟ್‌ಕೇಕ್ ಮತ್ತು ಚಹಾ ತೆಗೆದುಕೊಂಡರು.

ಅಮ್ಮ ಸೀರೆಯಲ್ಲಿದ್ದರು. ‘ನಾನು ಇಲ್ಲೇ ಕೂತಿರ್ತೀನಿ, ನೀನು ಹೋಗು’ ಅಂದರು. ಆದರೆ ಹುಡುಗಿಯಾಗಿದ್ದಾಗ ಕೋಲಾಟ ಆಡಿದ ಕಾಲು ಅದು, ಬೆಂಚಿನಡಿಯಲ್ಲೇ ತಾಳ ಹಾಕುತ್ತಿತ್ತು. ‘ಸೇಂಟ್ ಬರ್ನಾರ್ಡ್ಸ್ ವಾಲ್ಟ್ಜ್’ ಬಂದಾಗ ಬಾಗಿಲಲ್ಲಿ ಟಿಕೆಟ್ ಕೊಟ್ಟಾಕೆ ಬಂದು ಮಾತಿಲ್ಲದೆ ಕೈ ಚಾಚಿದರು. ಅದು ನಿಧಾನದ ಕುಣಿತ. ಪಕ್ಕಕ್ಕೆ ಮೂರು ಹೆಜ್ಜೆ, ಎರಡು ಸಲ ಕಾಲು ತಟ್ಟು, ಹಿಂದಕ್ಕೆ ಎರಡು. ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. ಮೊದಲ ಸುತ್ತು ತಡವರಿಸಿದರು. ಎರಡನೆಯದರಲ್ಲಿ ತಟ್ಟುವಾಗ ಇಡೀ ಹಾಲ್‌ನ ಜೊತೆ ಅವರ ಕಾಲೂ ಬಿತ್ತು. ಕೊನೆಗೆ ಎಲ್ಲರೂ ದೊಡ್ಡ ವೃತ್ತವಾಗಿ ಕೈ ಹಿಡಿದು ಬೀಳ್ಕೊಡುವ ಹಾಡು ‘ಆಲ್ಡ್ ಲ್ಯಾಂಗ್ ಸೈನ್’ ಹಾಡಿದಾಗ ಅಮ್ಮ ಮಾತು ಬಾರದೆ ರಾಗವನ್ನಷ್ಟೇ ಗುನುಗಿದರು.

ಮಾರನೆಯ ಬೆಳಗ್ಗೆ ಮಳೆ ಹನಿಯುತ್ತಿತ್ತು. ಬಸ್ ಕಾಯುತ್ತಾ ನಿಂತಲ್ಲೇ ಅಮ್ಮ ಪಕ್ಕಕ್ಕೆ ಮೂರು ಹೆಜ್ಜೆ ಹಾಕಿ ಎರಡು ಸಲ ಕಾಲು ತಟ್ಟಿದರು, ಸರಿಯಿದೆಯಾ ಅನ್ನುವಂತೆ ನನ್ನ ಕಡೆ ನೋಡಿದರು. ರಸ್ತೆಯ ಆ ಬದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ಹುಡುಗಿ, ರಾತ್ರಿ ಅಜ್ಜನ ಜೊತೆ ಕುಣಿದವಳು, ನಿಂತು ತಾನೂ ಎರಡು ಸಲ ತಟ್ಟಿದಳು.