ಮಂಡಿಗೆ ಇಂಜೆಕ್ಷನ್ ಆದವರಿಗೆ ಏನು ಹೇಳಿ ಕಳಿಸಬೇಕು?

ನಾನು ಮೂಳೆ ವಿಭಾಗದ ಓಪಿಡಿಯಲ್ಲಿ ನರ್ಸ್. ಮಂಡಿ ಸವೆದು ಬಂದವರಲ್ಲಿ ಕೆಲವರಿಗೆ ಡಾಕ್ಟರು ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮನೆಯಲ್ಲಿ ಹೇಗಿರಬೇಕು ಅಂತ ಹೇಳಿ ಕಳಿಸುವುದು ನಮ್ಮ ಕೆಲಸ. ಹೊಸದಾಗಿ ಬಂದ ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸೂಜಿ ಚುಚ್ಚುವ ಮುಂಚೆಯೇ ಹೇಳಿಬಿಡಿ. ಆಮೇಲೆ ಅವರ ಗಮನವೆಲ್ಲ ಬಸ್ಸಿನ ಮೇಲಿರುತ್ತದೆ. ಜೊತೆಗೆ ಬಂದ ಮಗಳನ್ನೋ ಸೊಸೆಯನ್ನೋ ಒಳಗೆ ಕರೆಯಿರಿ.

ಜಾಸ್ತಿ ಹೊತ್ತು ಬೇಕಾಗುವುದು ನೋವಿನ ವಿಷಯಕ್ಕೆ. ಸ್ಟೆರಾಯ್ಡ್ ಜೊತೆ ಸಾಮಾನ್ಯವಾಗಿ ಮರಗಟ್ಟಿಸುವ ಔಷಧಿಯೂ ಇರುತ್ತದೆ. ಹಾಗಾಗಿ ಎದ್ದ ಕೂಡಲೇ ಕಾಲು ಹಗುರ ಅನಿಸುತ್ತದೆ. ಕೆಲವು ಗಂಟೆಗಳಲ್ಲಿ ಅದು ಇಳಿದು ನೋವು ಮರಳುತ್ತದೆ. ಕೆಲವರಿಗೆ ಒಂದೆರಡು ದಿನ ಮೊದಲಿಗಿಂತ ಜಾಸ್ತಿಯೇ ನೋಯುತ್ತದೆ. ಸ್ಟೆರಾಯ್ಡ್ ಗುಣ ತೋರಿಸಲು ಕೆಲವು ದಿನ, ಒಮ್ಮೊಮ್ಮೆ ಒಂದು ವಾರವೇ ಬೇಕು. ಇದನ್ನು ಹೇಳದಿದ್ದರೆ ಅವತ್ತೇ ಗದ್ದೆಗೆ ಇಳಿಯುತ್ತಾರೆ. ಮರುದಿನ ನೋವಾದರೆ ಇಂಜೆಕ್ಷನ್ ಕೆಟ್ಟಿತು ಅಂತ ಎಣ್ಣೆ ಹಚ್ಚಿ ನೀವಿಸಿಕೊಳ್ಳುತ್ತಾರೆ. "ಅಜ್ಜಿ, ಇವತ್ತು ರಾತ್ರಿ ನೋವು ಬರಬಹುದು, ಹೆದರಬೇಡಿ. ನೀವಬೇಡಿ, ಬಿಸಿ ಶಾಖ ಬೇಡ. ಐಸನ್ನ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಇಡಿ" ಅಂತ ಬಿಡಿಸಿ ಹೇಳಿ. ಫ್ರಿಜ್ ಇಲ್ಲದ ಮನೆಗೆ ತಣ್ಣೀರು ಬಟ್ಟೆ ಸಾಕು.

ಸುಮ್ನೆ "ರೆಸ್ಟ್ ತಗೊಳ್ಳಿ" ಅಂದರೆ ಪ್ರಯೋಜನವಿಲ್ಲ. "ನಾಳೆ ಎದ್ದು ಏನೇನು ಮಾಡ್ತೀರಮ್ಮ?" ಅಂತ ಕೇಳಿ. ಹಾಲು ಕರೆಯಬೇಕು ಅಂದರೆ, ಎರಡು ದಿನ ಬೇರೆಯವರು ಕರೆಯಲಿ, ಕುಕ್ಕರಗಾಲಲ್ಲಿ ಕೂರಬೇಡಿ ಅನ್ನಿ. ಮನೆಯೊಳಗೆ ಓಡಾಡಬಹುದು. ಕೆರೆ, ಹೊಳೆಗೆ ಇಳಿಯುವುದು ಮಾತ್ರ ಒಂದೆರಡು ದಿನ ಬೇಡ.

ಸಕ್ಕರೆ ಕಾಯಿಲೆ ಇರುವವರನ್ನು ಪಕ್ಕಕ್ಕೆ ಕೂರಿಸಿ ಬೇರೆಯಾಗಿ ಹೇಳಿ. ಕೆಲವು ದಿನ ಶುಗರ್ ಏರಬಹುದು, ಆದ್ದರಿಂದ ಪರೀಕ್ಷೆ ಮಾಡಿಸುತ್ತಿರಬೇಕು. ತುಂಬಾ ಏರಿದರೆ ಡಾಕ್ಟರನ್ನು ಕೇಳಬೇಕು. ಮಾತ್ರೆ, ಇನ್ಸುಲಿನ್ ಅಳತೆಯನ್ನು ತಾವೇ ಬದಲಿಸಬಾರದು.

ಇನ್ನು ಅಪಾಯದ ಗುರುತು. ಮಂಡಿ ಕೆಂಪಾಗಿ ಊದಿ ಬಿಸಿಯಾದರೆ, ಜ್ವರ ಚಳಿ ಬಂದರೆ, ಕಾಲು ಮಡಿಸಲಾಗದಷ್ಟು ನೋವಾದರೆ, ಎರಡು ದಿನ ಕಳೆದರೂ ನೋವು ಏರುತ್ತಲೇ ಇದ್ದರೆ, ಅವತ್ತೇ ಬರಬೇಕು. ರಾತ್ರಿಯಾದರೆ ತುರ್ತು ವಿಭಾಗಕ್ಕೆ. ಕೀಲಿನೊಳಗೆ ಕೀವಾಗುವುದು ಅಪರೂಪ, ಆದರೆ ತಡವಾದರೆ ಕೀಲೇ ಹಾಳಾಗುತ್ತದೆ. ಈ ಮಾತನ್ನು ಮೆತ್ತಗೆ ಮಾಡಿ ಹೇಳಬೇಡಿ.

"ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಅಲ್ವಾ? ಅದರ ಬದಲು "ಮನೇಲಿ ಯಜಮಾನರು ಕೇಳಿದ್ರೆ ಏನು ಹೇಳ್ತೀರಿ?" ಅನ್ನಿ. ಅವರ ಬಾಯಲ್ಲಿ ಬರದೇ ಉಳಿದಿದ್ದನ್ನು ಮತ್ತೆ ಹೇಳಿ.

ಕೊನೆಗೆ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ: ತಾರೀಖು, ಯಾವ ಕಾಲು, ಔಷಧಿಯ ಹೆಸರು, ಅಳತೆ, ನಮ್ಮ ಫೋನ್ ನಂಬರ್. ಒಂದೇ ಮಂಡಿಗೆ ಮತ್ತೆ ಕೊಡಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬಿಡುತ್ತಾರೆ. ಬೇರೆ ಊರಿನ ಡಾಕ್ಟರಿಗೆ ಹಿಂದಿನ ಲೆಕ್ಕ ಸಿಗುವುದು ಆ ಚೀಟಿಯಿಂದಲೇ.